ಶುಗರ್ 540, ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್, ಮರುದಿನ ಎಲ್ಲಾ ನಾರ್ಮಲ್: ಇದು ಹೇಗೆ?

ತೊಗರಿ ಹೊಲ (ಚಿಂಚೋಳಿ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಾಕಾನಿಗೆ 52 ವರ್ಷ. ಶುಗರ್ ಬಂದು ಹನ್ನೆರಡು ವರ್ಷ ಆಯಿತು, ನಾಲ್ಕು ವರ್ಷದಿಂದ ಇನ್ಸುಲಿನ್ ಮೇಲೆ ಇದ್ದಾರೆ. ಮಗಳ ಮದುವೆ ಓಡಾಟದಲ್ಲಿ ಮೂರು ದಿನ ಇನ್ಸುಲಿನ್ ತಗೊಂಡೇ ಇರಲಿಲ್ಲ. ನಾಲ್ಕನೇ ದಿನ ವಾಂತಿ, ಹೊಟ್ಟೆನೋವು ಶುರುವಾಯಿತು. ಓಡಿ ಬಂದವರ ಹಾಗೆ ಆಳವಾಗಿ ಉಸಿರು ಎಳೆಯುತ್ತಿದ್ದರು. ಬಿಸಿಲು ಬಡಿದಿದೆ ಅಂತ ಮನೆಯವರು ಮಜ್ಜಿಗೆ ಕುಡಿಸಿ ಮಲಗಿಸಿದರು. ರಾತ್ರಿ ಮಾತು ತೊದಲತೊಡಗಿದ ಮೇಲೆ ದವಾಖಾನೆಗೆ ಒಯ್ದೆವು.

ಅಲ್ಲಿ ಇಸಿಜಿ ತೆಗೆದ ಡಾಕ್ಟರು, "ಹಾರ್ಟ್ ಅಟ್ಯಾಕ್ ಇದ್ದ ಹಾಗಿದೆ, ತಡ ಮಾಡಬೇಡಿ" ಅಂದರು. ಮಾತ್ರೆ ನುಂಗಿಸಿ ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಕಳಿಸಿದರು. ದಾರಿ ಉದ್ದಕ್ಕೂ ಕಾಕಿ ಅಳುತ್ತಿದ್ದರು. ಕಲಬುರಗಿಯಲ್ಲಿ ರಕ್ತ ನೋಡಿದರೆ ಶುಗರ್ 540, ಕೀಟೋನ್ ಇದೆ, ಪೊಟ್ಯಾಶಿಯಂ 6.9. "ರಕ್ತ ಆಮ್ಲ ಆಗಿದೆ, ಮೊದಲು ಇದನ್ನು ಸರಿ ಮಾಡೋಣ" ಅಂತ ಸಲೈನ್, ಇನ್ಸುಲಿನ್ ಹಚ್ಚಿದರು. ಬೆಳಗಿನ ಇಸಿಜಿ ಹೆಚ್ಚುಕಡಿಮೆ ಸರಿಯಾಗಿತ್ತು! ಅದೇ ದಿನ ಸಂಜೆ ಪೊಟ್ಯಾಶಿಯಂ 2.9ಕ್ಕೆ ಇಳಿದು ಇಸಿಜಿ ಮತ್ತೆ ಬದಲಾಯಿತು, ಈ ಸಲ ಬೇರೆ ತರಹ. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿ ಬಂತು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಟೆಸ್ಟ್ ಎರಡು ಸಲ ಮಾಡಿದರು, ಏರಿರಲಿಲ್ಲ. ಐದನೇ ದಿನ ಮನೆಗೆ ಬಂದೆವು.

ನನ್ನ ಪ್ರಶ್ನೆ ಇಷ್ಟೇ. ಹೃದಯ ಚೆನ್ನಾಗಿದ್ದರೆ ಇಸಿಜಿ ಹಾಗೆ ಯಾಕೆ ತೋರಿಸಿತು? ಮೊದಲ ಡಾಕ್ಟರು ತಪ್ಪು ಮಾಡಿದರಾ? ಕಾಕಾನ ಮಗ ಹೋಗಿ ಜಗಳ ತೆಗೆಯುತ್ತೇನೆ ಅಂತ ಕೂತಿದ್ದಾನೆ.

ಬಿಸಿಲೂರ ಹುಡುಗ
ತಪ್ಪೇ ಅಲ್ವಾ ಅಣ್ಣಾ? ಇಲ್ಲದ ಅಟ್ಯಾಕ್ ಇದೆ ಅಂದು ಮನೆಯವರ ಜೀವ ಹಿಂಡಿದ್ದಾರೆ. ಹೋಗಿ ಕೇಳಲಿ.

ನೈಟ್ ಡ್ಯೂಟಿ
ದಯವಿಟ್ಟು ಜಗಳಕ್ಕೆ ಹೋಗಬೇಡಿ. ನಾನು ಬೀದರ್ ಕಡೆ ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಇಸಿಜಿ ಪಟ್ಟಿ ನನ್ನ ಕೈಗೂ ಬಂದಿದೆ, ನನ್ನ ಎದೆಯೂ ಧಸಕ್ ಅಂದಿದೆ.

ನಿಮ್ಮ ಕಾಕಾನಿಗೆ ಆಗಿದ್ದು ಡಯಾಬಿಟಿಕ್ ಕೀಟೋಅಸಿಡೋಸಿಸ್. ನಾವು ಡಿಕೆಎ ಅಂತೀವಿ. ಮೈಯಲ್ಲಿ ಇನ್ಸುಲಿನ್ ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಕ್ಕೆ ಸಿಗುವುದಿಲ್ಲ. ಮೈ ಕೊಬ್ಬನ್ನು ಸುಡಲು ಶುರು ಮಾಡುತ್ತದೆ. ಅದರಿಂದ ಕೀಟೋನ್ ಹುಟ್ಟಿ ರಕ್ತ ಆಮ್ಲವಾಗುತ್ತದೆ. ಆ ಆಳವಾದ ಉಸಿರು ಆಮ್ಲವನ್ನು ಹೊರಗೆ ಹಾಕಲು ಮೈ ಪಡುವ ಪಾಡು. ಇದೇ ಹೊತ್ತಿನಲ್ಲಿ ಕೋಶಗಳ ಒಳಗಿನ ಪೊಟ್ಯಾಶಿಯಂ ರಕ್ತಕ್ಕೆ ಬಂದು ಬೀಳುತ್ತದೆ. ರಕ್ತದಲ್ಲಿ ಅದು 3.5ರಿಂದ 5ರ ಆಸುಪಾಸು ಇರಬೇಕು. ಕಾಕಾನಿಗೆ 6.9 ಇತ್ತು. ಹೃದಯದ ಕರೆಂಟ್ ನಡೆಯುವುದೇ ಈ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಸಿಯಂಗಳ ಮೇಲೆ. ಪೊಟ್ಯಾಶಿಯಂ ಹೆಚ್ಚಾದರೆ ಇಸಿಜಿ ಗೆರೆಯಲ್ಲಿ ಪ್ರತಿ ಬಡಿತದ ಕೊನೆಗೆ ಬರುವ ಟಿ ಅಲೆ ಗುಡಾರದ ಹಾಗೆ ಚೂಪಾಗಿ ಏಳುತ್ತದೆ, ಮೊದಲು ಬರುವ ಪಿ ಅಲೆ ಮಲಗುತ್ತದೆ, ನಡುವಿನ ಕ್ಯೂಆರ್‌ಎಸ್ ಅಗಲವಾಗುತ್ತದೆ. ಕೆಲವರಲ್ಲಿ ಕ್ಯೂಆರ್‌ಎಸ್‌ಗೂ ಟಿಗೂ ನಡುವಿನ ಎಸ್‌ಟಿ ಭಾಗವೂ ಮೇಲೇಳುತ್ತದೆ, ಥೇಟ್ ಅಟ್ಯಾಕ್ ಆದ ಹಾಗೆ. ರಕ್ತನಾಳ ಕಟ್ಟಿರುವುದಿಲ್ಲ. ಪೊಟ್ಯಾಶಿಯಂ ಇಳಿದರೆ ಪಟ್ಟಿಯೂ ಇಳಿಯುತ್ತದೆ.

ಹಾಗಾದರೆ ಮೊದಲ ಡಾಕ್ಟರು ಯಾಕೆ ಸರಿ? ಅವರ ಕೈಯಲ್ಲಿ ಪಟ್ಟಿ ಇತ್ತು, ಪೊಟ್ಯಾಶಿಯಂ ರಿಪೋರ್ಟ್ ಇರಲಿಲ್ಲ. ಶುಗರ್ ಇರುವ 52 ವರ್ಷದವರಲ್ಲಿ ಎಸ್‌ಟಿ ಎದ್ದಿದ್ದರೆ ಅಟ್ಯಾಕ್ ಅಲ್ಲ ಅಂತ ಹೇಳುವ ಧೈರ್ಯ ಯಾರೂ ಮಾಡಬಾರದು. ಎರಡೂ ಸೇರಿ ಬರುವುದೂ ಉಂಟು. ಅಟ್ಯಾಕ್ ಆದ ಆಘಾತಕ್ಕೇ ಡಿಕೆಎ ಶುರುವಾಗಬಹುದು.

ಬಿಸಿಲೂರ ಹುಡುಗ
ಸರಿ ಸರ್, ಆದರೆ ಗ್ಲುಕೋಮೀಟರಿಗೆ ಒಂದು ಹನಿ ರಕ್ತ ಸಾಕಲ್ವಾ? ಅದನ್ನಾದರೂ ನೋಡಬಹುದಿತ್ತು.

ತೊಗರಿ ಹೊಲ (ಚಿಂಚೋಳಿ)
ನೋಡಿದ್ದರು. ಮೀಟರ್ ಬರೀ "ಹೈ" ಅಂತ ತೋರಿಸಿತು, ನಂಬರ್ ಬರಲಿಲ್ಲ. ಚೀಟಿಯಲ್ಲೂ ಬರೆದು ಕೊಟ್ಟಿದ್ದರು. ಅದನ್ನು ನಾನು ಮೊದಲೇ ಹೇಳಬೇಕಿತ್ತು.

ನೈಟ್ ಡ್ಯೂಟಿ
ಹಾಗಿದ್ದರೆ ಅವರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರಾ?

ತೊಗರಿ ಹೊಲ (ಚಿಂಚೋಳಿ)
ಇಲ್ಲ ಸರ್. ಆಸ್ಪಿರಿನ್ ಮತ್ತೊಂದು ಮಾತ್ರೆ ಅಷ್ಟೇ. ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದರು. ಆಮೇಲೆ "ಇಂಜೆಕ್ಷನ್ ಈಗ ಬೇಡ, ಮೊದಲು ಅಲ್ಲಿ ರಕ್ತ ನೋಡಲಿ" ಅಂದರು.

ನೈಟ್ ಡ್ಯೂಟಿ
ಆ ಒಂದು ನಿರ್ಧಾರಕ್ಕೆ ಅವರಿಗೆ ಕೈ ಮುಗಿಯಬೇಕು. ನಿಜವಾದ ಅಟ್ಯಾಕ್‌ನಲ್ಲಿ ಆ ಇಂಜೆಕ್ಷನ್ ಜೀವ ಉಳಿಸುತ್ತದೆ. ಅಟ್ಯಾಕ್ ಇಲ್ಲದವರಿಗೆ ಕೊಟ್ಟರೆ ಲಾಭ ಏನೂ ಇಲ್ಲ, ಮೆದುಳಲ್ಲಿ ರಕ್ತಸ್ರಾವದ ಅಪಾಯ ಮಾತ್ರ ಉಳಿಯುತ್ತದೆ. ಅವರಿಗೆ ಅನುಮಾನ ಬಂದಿದೆ, ಇನ್ನೊಬ್ಬರನ್ನು ಕೇಳಿದ್ದಾರೆ, ಆಮೇಲೆ ಕಳಿಸಿದ್ದಾರೆ.

ಸೇಡಂ ರಸ್ತೆ
ಫೋನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತಲ್ಲ, ಅದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಅಟ್ಯಾಕ್ ಖಾತ್ರಿ ಆದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಜಯದೇವ ಕಲಬುರಗಿಯಲ್ಲೇ ಇದೆ. ಎದೆ ಉರಿ ಅಂತ ಮನೆಯಲ್ಲಿ ಕೂರುವ ಬದಲು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಪಟ್ಟಿ ತೆಗೆಯುವವಳು
ಹನ್ನೊಂದು ವರ್ಷದಿಂದ ಇಸಿಜಿ ಟೆಕ್ನಿಷಿಯನ್ ಆಗಿದ್ದೇನೆ. ಓದುವುದು ಡಾಕ್ಟರ ಕೆಲಸ, ಆದರೆ ನನ್ನ ಕಡೆಯಿಂದಲೂ ಎರಡು ಮಾತಿವೆ.

ಮಷಿನ್ ತಾನೇ ಮೇಲೆ ಏನೋ ಪ್ರಿಂಟ್ ಮಾಡುತ್ತದೆ. ಮನೆಯವರು ಅದನ್ನು ಓದಿ ಗಾಬರಿ ಆಗುತ್ತಾರೆ. ಅದು ಕೊನೆಯ ಮಾತಲ್ಲ. ಒಂದು ಸಲ ಡಿಕೆಎ ಪೇಷೆಂಟ್ ಒಬ್ಬರಿಗೆ ಮಷಿನ್ ಬಡಿತ 200ರ ಮೇಲೆ ತೋರಿಸಿತು. ನಾಡಿ ಹಿಡಿದರೆ 108. ಟಿ ಅಲೆ ಅಷ್ಟು ಎತ್ತರ ಇತ್ತು, ಮಷಿನ್ ಅದನ್ನೂ ಒಂದು ಬಡಿತ ಅಂತ ಎಣಿಸಿತ್ತು! ಓಡಿಹೋಗಿ ಡಾಕ್ಟರಿಗೆ ಹೇಳಿದೆ. ರಿಪೋರ್ಟ್ ಬರುವ ಮೊದಲೇ ಅವರು "ಪೊಟ್ಯಾಶಿಯಂ ಇರಬೇಕು" ಅಂದು ಹೃದಯ ಕಾಪಾಡಲು ಕ್ಯಾಲ್ಸಿಯಂ ಇಂಜೆಕ್ಷನ್ ತರಿಸಿದರು.

ಇನ್ನೊಂದು, ಆ ಆಳವಾದ ಉಸಿರಿಗೆ ಎದೆ ಏರಿಳಿದು ಗೆರೆಯೇ ತೇಲಾಡುತ್ತದೆ. ಕೆಲವರು ಬೆವರಿರುತ್ತಾರೆ, ಎಲೆಕ್ಟ್ರೋಡ್ ಜಾರುತ್ತದೆ. ಒರೆಸಿ, ಮತ್ತೆ ಹಚ್ಚಿ, ಎರಡು ಮೂರು ಸಲ ತೆಗೆಯಬೇಕಾಗುತ್ತದೆ. "ಎಷ್ಟು ಸಲ ತೆಗೀತೀರಿ, ಬಿಲ್ ಮಾಡೋಕಾ?" ಅಂತ ಬೈಯುತ್ತಾರೆ. ಬೈಯಬೇಡಿ. ಇಂಥವರಲ್ಲಿ ತಾಸು ತಾಸಿಗೆ ಪಟ್ಟಿ ಬದಲಾಗುತ್ತದೆ, ಮತ್ತೆ ಮತ್ತೆ ತೆಗೆಯಲೇಬೇಕು.

ವಿಜ್ಞಾನ ಮೇಷ್ಟ್ರು (ಯಾದಗಿರಿ)
ನನಗೆ ಒಂದು ಗೊಂದಲ. ಮೊದಲು 6.9 ಇತ್ತು, ಆಮೇಲೆ 2.9 ಆಯಿತು. ಔಷಧ ಜಾಸ್ತಿ ಆಯಿತು ಅಂತಲೇ ಅರ್ಥ ಅಲ್ವಾ?

ನೈಟ್ ಡ್ಯೂಟಿ
ಇಲ್ಲ ಮೇಷ್ಟ್ರೇ. ಇದನ್ನು ನಾನು ಪೇಷೆಂಟ್ ಕಡೆಯವರಿಗೆ ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಲೆಕ್ಕದಲ್ಲಿ ಹೇಳುತ್ತೇನೆ. ಮೈಯಲ್ಲಿರುವ ಪೊಟ್ಯಾಶಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೆ ಇರುತ್ತದೆ. ಅದು ಹಗೇವಿನಲ್ಲಿ ತುಂಬಿಟ್ಟ ಜೋಳ. ರಕ್ತದಲ್ಲಿ ಇರುವುದು ಅಂಗಳದಲ್ಲಿ ಬಿದ್ದ ನಾಲ್ಕು ಕಾಳು. ಡಿಕೆಎಯಲ್ಲಿ ಹಗೇವಿನ ಬಾಯಿ ತೆರೆದು ಜೋಳ ಅಂಗಳಕ್ಕೆ ಬರುತ್ತದೆ. ನೋಡಿದವರಿಗೆ ಸುಗ್ಗಿ ಅನ್ನಿಸುತ್ತದೆ. ಆದರೆ ಶುಗರ್ ಹೆಚ್ಚಾಗಿ ಮೂತ್ರ ಜಾಸ್ತಿ ಹೋಗುತ್ತಿರುತ್ತದೆ, ವಾಂತಿಯೂ ಇರುತ್ತದೆ. ಅಂಗಳದ ಜೋಳ ನೀರಿಗೆ ಕೊಚ್ಚಿ ಹೋಗುತ್ತಿರುತ್ತದೆ. ಹಗೇವೂ ಖಾಲಿ ಆಗುತ್ತಿದೆ, ಅಂಗಳವೂ ಸೋರುತ್ತಿದೆ. ಮೈಯ ಒಟ್ಟು ಲೆಕ್ಕದಲ್ಲಿ ಕೆಜಿ ತೂಕಕ್ಕೆ 3ರಿಂದ 5 ಮಿಲಿಈಕ್ವಿವಲೆಂಟ್‌ನಷ್ಟು (ಇದು ಪೊಟ್ಯಾಶಿಯಂ ಅಳೆಯುವ ಮಾಪ) ಪೊಟ್ಯಾಶಿಯಂ ಕೊರತೆ ಬಿದ್ದಿರುತ್ತದೆ.

ಇನ್ಸುಲಿನ್ ಕೊಟ್ಟ ಕೂಡಲೇ ಅಂಗಳದಲ್ಲಿದ್ದದ್ದು ಹಗೇವಿಗೆ ವಾಪಸ್ ಹೋಗುತ್ತದೆ. ಆಗ ರಕ್ತದಲ್ಲಿ ಬರ. ಟಿ ಅಲೆ ಚಪ್ಪಟೆ ಆಗುತ್ತದೆ, ಎಸ್‌ಟಿ ಕೆಳಗಿಳಿಯುತ್ತದೆ, ಟಿ ಹಿಂದೆ ಯು ಅನ್ನುವ ಸಣ್ಣ ಅಲೆ ಕಾಣಿಸುತ್ತದೆ. ತೀರಾ ಇಳಿದರೆ ಬಡಿತ ಲಯ ತಪ್ಪಿ ಜೀವಕ್ಕೇ ಕುತ್ತು. ಅದಕ್ಕೇ ಎರಡು ಮೂರು ತಾಸಿಗೊಮ್ಮೆ ಪೊಟ್ಯಾಶಿಯಂ ನೋಡುತ್ತಾ, ಅದು ನಾರ್ಮಲ್ ಮಟ್ಟಕ್ಕೆ ಬಂದ ಮೇಲೆ ಸಲೈನ್‌ನಲ್ಲಿ ಸೇರಿಸುತ್ತೇವೆ. ಮೊದಲೇ 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆಹಿಡಿದು ಮೊದಲು ಪೊಟ್ಯಾಶಿಯಂ ಏರಿಸಬೇಕು. ಇದನ್ನು ನಿಧಾನವಾಗಿ ಡ್ರಿಪ್‌ನಲ್ಲೇ ಕೊಡಬೇಕು. ನೇರ ಚುಚ್ಚಿದರೆ ಹೃದಯ ನಿಂತುಬಿಡುತ್ತದೆ.

ವಿಜ್ಞಾನ ಮೇಷ್ಟ್ರು (ಯಾದಗಿರಿ)
ಹಗೇವಿನ ಮಾತು ಚೆನ್ನಾಗಿ ತಿಳಿಯಿತು. ಈಗಿನ ಹುಡುಗರಿಗೆ ಹಗೇವು ಅಂದರೆ ಏನಂತ ಹೇಳಿಕೊಡಬೇಕು ಅಷ್ಟೇ. ನಮ್ಮ ಅಜ್ಜನ ಮನೆಯ ಹಗೇವಿನಲ್ಲಿ ದೀಪ ಇಳಿಸಿ, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದರು. ಗಾಳಿ ಕೆಟ್ಟಿದೆಯಾ ಅಂತ ನೋಡಲು.

ಬಿಸಿಲೂರ ಹುಡುಗ
ನಮ್ಮೂರಲ್ಲೂ ಒಂದು ಇತ್ತು ಸರ್, ಈಗ ಮುಚ್ಚಿ ಮೇಲೆ ಕಟ್ಟೆ ಕಟ್ಟಿದ್ದಾರೆ.

ಶಹಾಪುರದವ
ಎಲ್ಲರೂ "ಹೃದಯ ಚೆನ್ನಾಗಿತ್ತು, ಪೊಟ್ಯಾಶಿಯಂ ಆಟ" ಅನ್ನುತ್ತಿದ್ದೀರಿ. ನನಗೆ ಭಯ ಆಗುತ್ತಿದೆ, ಓದಿದವರು ಅರ್ಧ ತಿಳ್ಕೊಂಡು ಹೋಗುತ್ತಾರೆ ಅಂತ.

ನಮ್ಮ ಅಪ್ಪನದು ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಎದೆನೋವು ಬರಲೇ ಇಲ್ಲ. ಸುಸ್ತು, ಬೆವರು, ವಾಂತಿ ಅಷ್ಟೇ. ಶುಗರ್ 480. ನಾವೆಲ್ಲ ಶುಗರ್ ಏರಿದ್ದಕ್ಕೆ ಹೀಗಾಗಿದೆ ಅಂದುಕೊಂಡೆವು. ಒಂದು ಇಡೀ ದಿನ ಮನೆಯಲ್ಲೇ ಕಳೆದೆವು. ಆಮೇಲೆ ಇಸಿಜಿ ತೆಗೆಸಿದರೆ ಅಟ್ಯಾಕ್ ಆಗಿ ತಾಸುಗಟ್ಟಲೆ ಆಗಿತ್ತು. ಹೃದಯದ ಒಂದು ಭಾಗ ಹೋಗಿತ್ತು. ಅಪ್ಪ ಆಮೇಲೆ ಎರಡು ವರ್ಷ ಇದ್ದರು. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಶುಗರ್ ತುಂಬಾ ವರ್ಷ ಇದ್ದರೆ ನರ ಸತ್ತು ನೋವು ಗೊತ್ತಾಗುವುದಿಲ್ಲ ಅಂತ ಡಾಕ್ಟರು ಆಮೇಲೆ ಹೇಳಿದರು. ನಮಗೆ ಮೊದಲು ಯಾರೂ ಹೇಳಿರಲಿಲ್ಲ.

ನೈಟ್ ಡ್ಯೂಟಿ
ಶಹಾಪುರದ ಸರ್, ನೀವು ಹೇಳಿದ್ದು ನನ್ನ ಮಾತಿಗಿಂತ ಮುಖ್ಯ. ಅಪ್ಪನ ವಿಷಯ ಓದಿ ತುಂಬಾ ಬೇಜಾರಾಯಿತು. ಅದಕ್ಕೇ ಪೊಟ್ಯಾಶಿಯಂ ಜಾಸ್ತಿ ಬಂದರೂ ನಾವು ಅಟ್ಯಾಕ್ ಅನುಮಾನ ಬಿಡುವುದಿಲ್ಲ. ಟ್ರೋಪೋನಿನ್ ಎರಡು ಸಲ ಮಾಡಬೇಕು, ಎಕೋ ನೋಡಬೇಕು, ಪಟ್ಟಿಯನ್ನು ಮತ್ತೆ ಮತ್ತೆ ತೆಗೆಯಬೇಕು. ಒಂದೇ ಪಟ್ಟಿ ನೋಡಿ "ಅಟ್ಯಾಕ್ ಅಲ್ಲ" ಅನ್ನುವುದೂ ತಪ್ಪು, "ಅಟ್ಯಾಕೇ" ಅನ್ನುವುದೂ ತಪ್ಪು.

ಸೇಡಂ ರಸ್ತೆ
ಅಂದರೆ ಟಿ ಅಲೆ ಸರಿ ಇದ್ದರೆ ಪೊಟ್ಯಾಶಿಯಂ ಸರಿ ಇದೆ ಅಂತ ನಂಬಬಹುದಾ?

ಪಟ್ಟಿ ತೆಗೆಯುವವಳು
ನಂಬಬಾರದು ಅಣ್ಣಾ. 7 ಇದ್ದರೂ ಪಟ್ಟಿ ಸಾಧಾರಣವಾಗಿ ಬಂದದ್ದನ್ನು ನೋಡಿದ್ದೇನೆ. ರಕ್ತವೇ ನೋಡಬೇಕು. ಪಟ್ಟಿ ಎರಡು ನಿಮಿಷದಲ್ಲಿ ಸಿಗುತ್ತದೆ, ರಿಪೋರ್ಟ್ ತಡ, ಅದಕ್ಕೆ ಮೊದಲು ಪಟ್ಟಿ.

ಗಡಿಬಿಡಿ ಗಿಡಮೂಲಿಕೆ
ವಾಂತಿ ಆಗುವವರಿಗೆ ಎಳನೀರು ಕುಡಿಸಿ. ದೇಹ ತಂಪಾಗುತ್ತದೆ, ಆಮ್ಲ ಇಳಿಯುತ್ತದೆ. ಇಷ್ಟೆಲ್ಲ ಇಂಜೆಕ್ಷನ್ ಬೇಕಾಗಿಲ್ಲ.

ನೈಟ್ ಡ್ಯೂಟಿ
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳವಾಗಿ ಇದೆ. 6.9 ಇರುವವರಿಗೆ ಅದನ್ನು ಕುಡಿಸಿದರೆ ಏನಾಗುತ್ತದೆ ಯೋಚಿಸಿ. ಕಿಡ್ನಿ ತೊಂದರೆ ಇರುವವರು, ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ್ದು ಅಥವಾ ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಇನ್ನೂ ಹುಷಾರಾಗಿರಬೇಕು, ಇವೂ ಪೊಟ್ಯಾಶಿಯಂ ಏರಿಸುತ್ತವೆ. ಡಿಕೆಎಗೆ ಇನ್ಸುಲಿನ್ ಬಿಟ್ಟು ಬೇರೆ ದಾರಿ ಇಲ್ಲ.

ಗಡಿಬಿಡಿ ಗಿಡಮೂಲಿಕೆ
ಡಾಕ್ಟರೇ, ನಾನು ಬಿಸಿಲಿಗೆ ಬಳಲಿದವರ ಬಗ್ಗೆ ಹೇಳಿದ್ದು. ನನ್ನ ಅವ್ವನಿಗೂ ಶುಗರ್ ಇದೆ, ಬಿಪಿಗೆ ಟೆಲ್ಮಿಸಾರ್ಟಾನ್ ನುಂಗುತ್ತಾಳೆ. ಬೇಸಿಗೆಯಲ್ಲಿ ದಿನಾ ಎರಡು ಎಳನೀರು ಕೊಡುತ್ತೇನೆ. ನಿಲ್ಲಿಸಬೇಕಾ?

ನೈಟ್ ಡ್ಯೂಟಿ
ಅವ್ವನಿಗೆ ಒಂದು ಸಲ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಪೊಟ್ಯಾಶಿಯಂ ಮಾಡಿಸಿ. ಅಲ್ಲಿಯವರೆಗೆ ಎಳನೀರು ನಿಲ್ಲಿಸಿ, ನೀರು ಮತ್ತು ಸಕ್ಕರೆ ಇಲ್ಲದ ತೆಳು ಮಜ್ಜಿಗೆ ಸಾಕು. ಕೇಳಿದ್ದು ಒಳ್ಳೆಯದಾಯಿತು.

ಭಾಲ್ಕಿ ಅವ್ವ
ನನ್ನ ಮಗಳಿಗೆ 14 ವರ್ಷ, ಟೈಪ್ 1 ಶುಗರ್, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಕಾಯಿಲೆ. ಒಂಬತ್ತನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಇಂಜೆಕ್ಷನ್. ಇಲ್ಲಿ ಎಲ್ಲರೂ ಏರಿದ ಶುಗರ್ ಬಗ್ಗೆ ಹೇಳುತ್ತಿದ್ದೀರಿ. ನಾನು ರಾತ್ರಿ ನಿದ್ದೆಗೆಡುವುದು ಇಳಿಯುವ ಶುಗರ್‌ಗೆ.

ಎಳ್ಳಮವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ, ಊಟ ಮಾಡಿ, ಹುಡುಗರ ಜೊತೆ ಸಂಜೆಯವರೆಗೂ ಆಡಿದಳು. ರಾತ್ರಿ ಎರಡು ಗಂಟೆಗೆ ಹಾಸಿಗೆ ಬೆವರಿನಲ್ಲಿ ನೆನೆದಿತ್ತು. ಕರೆದರೆ ಓ ಅನ್ನುತ್ತಿಲ್ಲ. ಚೆಕ್ ಮಾಡಿದರೆ 38. ಒಸಡಿಗೆ ಜೇನುತುಪ್ಪ ಸವರುತ್ತಾ, 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ದೆವು. ಗ್ಲೂಕೋಸ್ ಹೋದ ಮೇಲೆ ಕಣ್ಣು ಬಿಟ್ಟಳು. ಅಲ್ಲೂ ಇಸಿಜಿ ತೆಗೆದರು. "ಕ್ಯೂಟಿ ಉದ್ದ ಆಗಿದೆ, ಬೆಳಿಗ್ಗೆ ಮತ್ತೆ ನೋಡೋಣ" ಅಂದರು. ಬೆಳಿಗ್ಗೆ ಸರಿ ಇತ್ತು. ಕ್ಯೂಟಿ ಅಂದರೆ ಏನು ಅಂತ ಕೇಳುವ ಧೈರ್ಯ ನನಗೆ ಆವತ್ತು ಇರಲಿಲ್ಲ. ಇವತ್ತು ಇಲ್ಲಿ ಕೇಳುತ್ತಿದ್ದೇನೆ.

ನೈಟ್ ಡ್ಯೂಟಿ
ಅಕ್ಕಾ, ಹೃದಯ ಒಂದು ಸಲ ಬಡಿದ ಮೇಲೆ ಅದರ ಕರೆಂಟ್ ಮತ್ತೆ ಮೊದಲಿನ ಸ್ಥಿತಿಗೆ ಬರಬೇಕು. ಅದಕ್ಕೆ ಹಿಡಿಯುವ ಹೊತ್ತೇ ಕ್ಯೂಟಿ. ಶುಗರ್ ತೀರಾ ಇಳಿದಾಗ ಮೈ ಅಡ್ರಿನಲಿನ್ ಸುರಿಸುತ್ತದೆ. ಬೆವರು, ನಡುಕ ಅದರಿಂದಲೇ. ಅಡ್ರಿನಲಿನ್ ಪೊಟ್ಯಾಶಿಯಂ ಅನ್ನು ಕೋಶದೊಳಕ್ಕೆ ದೂಡುತ್ತದೆ, ಕ್ಯೂಟಿ ಉದ್ದವಾಗುತ್ತದೆ, ಟಿ ಅಲೆ ಚಪ್ಪಟೆಯಾಗುತ್ತದೆ. ಶುಗರ್ ಏರಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಅದು ಉದ್ದ ಇರುವಷ್ಟು ಹೊತ್ತು ಲಯ ತಪ್ಪುವ ಅಪಾಯ ಇರುತ್ತದೆ. ಮಗಳ ಇಸಿಜಿ ಬೆಳಿಗ್ಗೆ ಸರಿ ಬಂದಿರುವುದು ಒಳ್ಳೆಯ ವಿಷಯ. ಮುಂದಿನ ಸಲ ಹೋದಾಗ ಆ ಎರಡೂ ಪಟ್ಟಿ ತೋರಿಸಿ.

ನೀವು ಗಟಗಟ ಏನನ್ನೂ ಕುಡಿಸಲಿಲ್ಲ, ಅದು ತುಂಬಾ ಒಳ್ಳೆಯದು. ಎಚ್ಚರ ಇಲ್ಲದವರ ಬಾಯಿಗೆ ನೀರು, ಹಾಲು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರನ್ನು ಮಗ್ಗುಲಿಗೆ ಮಲಗಿಸಬೇಕು. ಎಚ್ಚರ ಇದ್ದು 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಶುಗರ್ ಏರಿಸುವ ಗ್ಲುಕಗಾನ್ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ. ಜಾತ್ರೆ, ಹೊಲ, ಆಟದ ದಿನ ರಾತ್ರಿಯ ಇನ್ಸುಲಿನ್ ಎಷ್ಟು ಅನ್ನುವುದನ್ನೂ ಕೇಳಿ ಬರೆಸಿಕೊಳ್ಳಿ.

ಭಾಲ್ಕಿ ಅವ್ವ
ನಿಮಗೆ ಪುಣ್ಯ ಬರಲಿ. ಎರಡೂ ಪಟ್ಟಿ ಫೈಲಿನಲ್ಲಿವೆ, ಆದರೆ ಅಕ್ಷರ ಮಾಸುತ್ತಿದೆ.

ಪಟ್ಟಿ ತೆಗೆಯುವವಳು
ಅಕ್ಕಾ, ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಜೆರಾಕ್ಸ್ ಮಾಡಿಸಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ. ನಮ್ಮ ಬಿಸಿಲಿಗೆ ಇನ್ನೂ ಬೇಗ ಕೆಡುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೂ ಮಾಸುತ್ತದೆ. ಶುಗರ್ ಇರುವ ಪ್ರತಿಯೊಬ್ಬರ ಫೈಲಿನಲ್ಲೂ ಚೆನ್ನಾಗಿ ಇದ್ದಾಗಿನ ಒಂದು ಇಸಿಜಿ ಇರಬೇಕು. ರಾತ್ರಿ ಓಡಿಬಂದಾಗ ಡಾಕ್ಟರಿಗೆ ಹೋಲಿಸಲು ಅದೇ ಬೇಕಾಗುತ್ತದೆ. ಹತ್ತು ಜನರಲ್ಲಿ ಒಬ್ಬರೂ ತರುವುದಿಲ್ಲ!

ಹುಮನಾಬಾದ್ ಸೊಸೆ
ನಮ್ಮ ಅತ್ತೆಗೆ ಡಿಕೆಎ ಆದಾಗ ಎರಡನೇ ದಿನ ಸಿಸ್ಟರ್ ಗ್ಲೂಕೋಸ್ ಬಾಟಲ್ ಹಚ್ಚಿದರು. ಶುಗರ್ ಪೇಷೆಂಟಿಗೆ ಗ್ಲೂಕೋಸಾ ಅಂತ ನನ್ನ ಗಂಡ ವಾರ್ಡಿನಲ್ಲೇ ಕೂಗಾಡಿದರು. ಬಾಟಲ್ ಬಿಚ್ಚಿಸಿದರು. ಡಾಕ್ಟರು ಬಂದು ತಿಳಿಸಿ ಹೇಳಿದ ಮೇಲೆ ಮತ್ತೆ ಹಚ್ಚಿದರು. ಶುಗರ್ 200ಕ್ಕೆ ಇಳಿದರೂ ರಕ್ತದ ಆಮ್ಲ ಹೋಗಿರುವುದಿಲ್ಲವಂತೆ. ಇನ್ಸುಲಿನ್ ನಿಲ್ಲಿಸುವ ಹಾಗಿಲ್ಲ, ಶುಗರ್ ಬೀಳಲೂ ಬಾರದು, ಅದಕ್ಕೆ ಗ್ಲೂಕೋಸ್ ಜೊತೆಗೆ ಇನ್ಸುಲಿನ್. ಇದನ್ನು ಮೊದಲೇ ಒಂದು ಮಾತು ಹೇಳಿದ್ದರೆ ಆ ಸಿಸ್ಟರಿಗೆ ನಾವು ಅಷ್ಟು ನೋವು ಕೊಡುತ್ತಿರಲಿಲ್ಲ.

ಮೆಡಿಕಲ್ ಶಾಪ್ ತಮ್ಮ
ಒಂದು ಮಾತು ಸೇರಿಸುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಈಗ ತುಂಬಾ ಜನ ತಗೊಳ್ತಾರೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆ. ಆದರೆ ಇವುಗಳಲ್ಲಿ ಶುಗರ್ 200ರ ಒಳಗಿದ್ದರೂ ಡಿಕೆಎ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಎಚ್ಚರಿಕೆ ಕೊಟ್ಟಿದೆ. ವಾಂತಿ ಭೇದಿ ಇದ್ದಾಗ, ಉಪವಾಸ ಇದ್ದಾಗ, ಆಪರೇಷನ್ ಮುಂಚೆ ಇದನ್ನು ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಇನ್ಸುಲಿನ್ ಮಾತ್ರ ತಾವಾಗಿ ನಿಲ್ಲಿಸಬೇಡಿ. "ಊಟ ಮಾಡಿಲ್ಲ, ಅದಕ್ಕೆ ಇನ್ಸುಲಿನ್ ತಗೊಂಡಿಲ್ಲ" ಅಂತ ವಾರಕ್ಕೊಬ್ಬರು ನಮ್ಮ ಅಂಗಡಿಗೆ ಬರುತ್ತಾರೆ.

ಬಿಸಿಲೂರ ಹುಡುಗ
ತಮ್ಮಾ, ಶುಗರ್ ಚೆಕ್ ಮಾಡುವ ಸ್ಟ್ರಿಪ್ ರೇಟ್ ಯಾಕೆ ಅಷ್ಟು? ದಿನಾ ನಾಲ್ಕು ಸಲ ಚೆಕ್ ಮಾಡಿ ಅಂದರೆ ಕೂಲಿ ಮಾಡುವವರು ಎಲ್ಲಿಂದ ತರಬೇಕು?

ಮೆಡಿಕಲ್ ಶಾಪ್ ತಮ್ಮ
ನಿಜ ಅಣ್ಣಾ. ನಾನೇ ಎಷ್ಟೋ ಜನರಿಗೆ ಡಬ್ಬಿ ಬದಲು ಬಿಡಿ ಸ್ಟ್ರಿಪ್ ಕೊಟ್ಟಿದ್ದೆ. ಅದೂ ಸರಿಯಲ್ಲ, ಗಾಳಿಗೆ ಬಿಟ್ಟ ಸ್ಟ್ರಿಪ್ ತಪ್ಪು ತೋರಿಸುತ್ತದೆ ಅಂತ ಗೊತ್ತಾದ ಮೇಲೆ ನಿಲ್ಲಿಸಿದೆ. ಜನೌಷಧಿ ಅಂಗಡಿಯಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ, ಕೇಳಿ ನೋಡಿ.

ತೊಗರಿ ಹೊಲ (ಚಿಂಚೋಳಿ)
ಎಲ್ಲವನ್ನೂ ಕಾಕಾನ ಮಗನಿಗೆ ಓದಿ ಹೇಳಿದೆ. ಶಹಾಪುರದ ಅಣ್ಣನ ಅಪ್ಪನ ಮಾತು ಬಂದಾಗ ಅವನು ಸುಮ್ನೆ ಕೂತುಬಿಟ್ಟ. ನಾಳೆ ಆ ದವಾಖಾನೆಗೆ ಹೋಗುತ್ತಾನಂತೆ, ಜಗಳಕ್ಕಲ್ಲ. ಕಾಕಾ ಹುಷಾರಾಗಿ ಬಂದಿದ್ದಾರೆ ಅಂತ ಹೇಳಿ ಬರಲು.

ಕಾಕಾ ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ. ಮೂರು ದಿನ ಯಾಕೆ ಬಿಟ್ಟಿರಿ ಅಂತ ಮೊದಲ ಸಲ ಸಮಾಧಾನವಾಗಿ ಕೇಳಿದೆ. ಬೀಗರ ಮುಂದೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಲು ನಾಚಿಕೆ ಆಯಿತು ಅಂದರು. ಇದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಇಸಿಜಿಗಳ ಫೋಟೋ ತೆಗೆದಿಟ್ಟೆ. ನಾಲ್ಕು ಇವೆ. ಮೊಟ್ಟಮೊದಲನೆಯದು ಮಾತ್ರ ಸಿಗುತ್ತಿಲ್ಲ.

ಪಟ್ಟಿ ತೆಗೆಯುವವಳು
ಅದು ಕಲಬುರಗಿಯ ಕೇಸ್ ಪೇಪರಿನ ಜೊತೆ ಉಳಿದಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರ್ ಹೇಳಿ ರೆಕಾರ್ಡ್ ರೂಮಿನಲ್ಲಿ ಕೇಳಿ, ಜೆರಾಕ್ಸ್ ಕೊಡುತ್ತಾರೆ. ಕಾಕಾನಿಗೆ ನಮಸ್ಕಾರ ಹೇಳಿ.

ತೊಗರಿ ಹೊಲ (ಚಿಂಚೋಳಿ)
ಸೋಮವಾರ ಹೋಗುತ್ತೇನೆ ಅಕ್ಕಾ. ಕಾಕಾನೂ ಬರುತ್ತಾರಂತೆ, ಆ ಪಟ್ಟಿ ತಾವೇ ನೋಡಬೇಕಂತೆ.